ನಂಬಿಕೆ ಬೇರೆ, ಲೆಕ್ಕ ಬೇರೆ

2014ರ ಏಪ್ರಿಲ್ ಕೊನೆ. ಎರಡು ಒಳ್ಳೆ ಮಳೆ ಬಿದ್ದು ಹತ್ತಿ ಹಾಕುವ ಹದ ಬಂದಿತ್ತು. ಕಬಿನಿ ಅಣೆಕಟ್ಟೆ ಇರುವುದು ನಮ್ಮ ಬೀಚನಹಳ್ಳಿಯಲ್ಲೇ, 1974ರಲ್ಲಿ ಕಟ್ಟಿ ಮುಗಿದದ್ದು. ಆದರೆ ನೀರು ಹರಿಯುವುದು ಕೆಳಗಿನ ಸೀಮೆಗೆ. ನನ್ನ ನಾಲ್ಕು ಎಕರೆಗೆ ಆಕಾಶವೇ ನಾಲೆ. ಹದ ತಪ್ಪಿದರೆ ವರ್ಷ ತಪ್ಪಿದ ಹಾಗೆ. ಅಂಥ ಹೊತ್ತಲ್ಲಿ ನಮ್ಮ ಸಂಘದ ಕಾರ್ಯದರ್ಶಿ ಹೊಲದ ಬದುವಿಗೆ ಬಂದ. ಕೈಯಲ್ಲಿ ಚೆಕ್ ಪುಸ್ತಕ.

“ಅಣ್ಣ, ಗೊಬ್ಬರದ ದುಡ್ಡು ಕಟ್ಬೇಕು. ಒಂದೊಂದು ಚೆಕ್ಕಿಗೂ ನಿನ್ನ ಹುಡುಕ್ಕೊಂಡು ಬರಕ್ಕಾಯ್ತದಾ? ಹತ್ತು ಹಾಳೆಗೆ ಸಹಿ ಹಾಕ್ಬುಡು. ಆಮೇಲೆ ನಾನೇ ತುಂಬ್ಕೋತೀನಿ.”

ಸಂಘಕ್ಕೆ ನಾನು ಅಧ್ಯಕ್ಷ. ಇಬ್ಬರ ಸಹಿ ಇಲ್ಲದೆ ಬ್ಯಾಂಕಿನಿಂದ ದುಡ್ಡು ತೆಗೆಯಬಾರದು ಅಂತ ನಿಯಮ ಮಾಡಿದವರು ನಾವೇ. ಆದರೂ ಎತ್ತು ನಿಲ್ಲಿಸಿ, ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಹತ್ತಕ್ಕೂ ಸಹಿ ಹಾಕಿದೆ. ಅವನು ಕಳ್ಳನಾಗಿರಲಿಲ್ಲ. ಚುರುಕು ಹುಡುಗ, ಯಾರ ಮನೆಯಲ್ಲಿ ಕಾಯಿಲೆ ಅಂದರೂ ಮೊದಲು ಓಡಿಬರುವವನು. ಅವನ ಮೇಲೆ ಅನುಮಾನ ಪಡುವುದೇ ಪಾಪ ಅಂತ ನಾನು ತಿಳಿದಿದ್ದೆ.

ಎರಡು ವರ್ಷ ಕಳೆದ ಮೇಲೆ 63 ಮನೆಯವರ ಸಂಘದ ಖಾತೆಯಲ್ಲಿ 3 ಲಕ್ಷ 40 ಸಾವಿರ ರೂಪಾಯಿ ಕಮ್ಮಿ ಬಂತು. ಅದು ಬೀಜ ಗೊಬ್ಬರಕ್ಕೆ ಕಟ್ಟಿದ ಮುಂಗಡ, ಒಟ್ಟಿಗೆ ಮಾರಿದ ಹತ್ತಿಯ ಬಾಕಿ. ಅವನು ಹೊಗೆಸೊಪ್ಪಿಗೆ ಅಂತ ಜಮೀನು ಗುತ್ತಿಗೆ ಹಿಡಿದಿದ್ದ, ಬೆಳೆ ಕೈಕೊಟ್ಟಿತ್ತು. ಸಂಘದ ದುಡ್ಡನ್ನು ಅಲ್ಲಿಗೆ ಹಾಕಿ, ಮುಂದಿನ ಬೆಳೆಯಲ್ಲಿ ತುಂಬುತ್ತೇನೆ ಅಂತ ಮತ್ತಷ್ಟು ತೆಗೆದಿದ್ದ. ಲೆಕ್ಕ ಕೇಳುವ ಹಿಂದಿನ ರಾತ್ರಿ ಊರು ಬಿಟ್ಟ.

ಈ ಸಂಗತಿಯನ್ನು ನಾನು ಎಲ್ಲೂ ಬರೆದಿರಲಿಲ್ಲ. ಈಗ ಬರೆಯುವುದಕ್ಕೆ ಕಾರಣ ಇದೆ. ಇತ್ತೀಚೆಗೆ ರೈತರು ಸೇರಿ ಕಂಪನಿ ಕಟ್ಟಿ ಅಂತ ಸರ್ಕಾರವೇ ಹೇಳುತ್ತಿದೆ. ದೇಶದಲ್ಲಿ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ 2020ರಲ್ಲಿ ಬಂತು. ನಮ್ಮಂಥವರೂ ‘ಡೈರೆಕ್ಟರ್’ ಆಗುತ್ತಿದ್ದೇವೆ. ಹಾಗಾಗಿ ದೊಡ್ಡ ದೊಡ್ಡ ಕಂಪನಿಗಳು ಎಲ್ಲಿ ಎಡವಿದವು ಅಂತ ನಾವೂ ತಿಳಿದುಕೊಳ್ಳಬೇಕು. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಲೆಕ್ಕಪತ್ರ ನನಗೆ ಓದಲು ಬಾರದು. 2020ರಲ್ಲಿ ಕೊರೋನಾ ಅಂತ ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಬೀದಿಯ ಹುಡುಗನೊಬ್ಬ ಲೆಕ್ಕದ ಆಫೀಸಿನಲ್ಲಿ ಕೆಲಸ ಮಾಡುವವನು. ನನ್ನ ಕತೆ ಕೇಳಿ, “ದೊಡ್ಡಪ್ಪ, ಕಾಫಿ ಡೇನಲ್ಲಿ ಆಗಿದ್ದೂ ಇದರ ಜಾತಿಯದೇ, ಸೊನ್ನೆಗಳು ಜಾಸ್ತಿ ಅಷ್ಟೆ” ಅಂದ. ಅಂದಿನಿಂದ ಅವನನ್ನು ಕಾಡಿ ಬೇಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಪನಿ ಅಂದರೆ ಊರೊಟ್ಟಿನ ಕಣ

ಹತ್ತು ಮನೆಯವರು ಒಂದೇ ಕಣದಲ್ಲಿ ರಾಗಿ ರಾಶಿ ಹಾಕಿದ್ದಾರೆ ಅಂದುಕೊಳ್ಳಿ. ಎಲ್ಲರೂ ಹಗಲು ರಾತ್ರಿ ಕಾಯಲಾಗದು. ಒಬ್ಬನನ್ನು ಕಾಯೋಕೆ ಇಡುತ್ತೇವೆ. ಅವನದೂ ಅಲ್ಲೊಂದು ರಾಶಿ ಇರುತ್ತೆ, ಎಲ್ಲರಿಗಿಂತ ದೊಡ್ಡದೇ ಇರಬಹುದು. ಆದರೂ ಪಕ್ಕದ ರಾಶಿಯಿಂದ ಒಂದು ಕೊಳಗ ತೆಗೆಯಬೇಕಾದರೆ ರಾಶಿಯವನನ್ನು ಕೇಳಲೇಬೇಕು.

ಕಂಪನಿಯೂ ಹೀಗೇ. ಷೇರು ಕೊಂಡವರು ರಾಶಿ ಹಾಕಿದವರು. ಕಂಪನಿ ನಡೆಸುವ ಯಜಮಾನ ಕಣ ಕಾಯುವವನು. ನಿರ್ದೇಶಕರ ಮಂಡಳಿ ಅಂದರೆ ಕಾಯುವವನನ್ನು ವಿಚಾರಿಸುವ ಹಿರಿಯರು. ಆಡಿಟರ್ ಅಂದರೆ ಹೊರಗಿನಿಂದ ಬಂದು ಕೊಳಗದಲ್ಲಿ ಅಳೆದು, ಇಷ್ಟಿದೆ ಅಂತ ಬರೆದುಕೊಡುವವನು. ಸಾಲ ಕೊಟ್ಟ ಬ್ಯಾಂಕು ಆ ಬರಹವನ್ನು ನಂಬುತ್ತೆ. ಇವರೆಲ್ಲ ತಂತಮ್ಮ ಕೆಲಸ ಮಾಡಿದರೆ ಅದು ಒಳ್ಳೆ ಕಂಪನಿ ಆಡಳಿತ. ಎಲ್ಲರೂ ಯಜಮಾನನ ಮುಖ ನೋಡಿಕೊಂಡು ಸುಮ್ಮನಿದ್ದರೆ ಕಣವೂ ಅವನದೇ, ಕೊಳಗವೂ ಅವನದೇ.

ಕಾಫಿ ಡೇ: ಏರಿದ ಬಗೆ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ.ಜಿ. ಸಿದ್ಧಾರ್ಥ ಅವರನ್ನು ಹೊಗಳದ ಬೆಳೆಗಾರರು ಕಮ್ಮಿ. 1942ರ ಕಾನೂನಿನಿಂದ ಕಾಫಿ ಬೆಳೆದವರು ತಮ್ಮ ಬೆಳೆಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು. ಬೋರ್ಡು ಮಾರಿ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. 1990ರ ದಶಕದ ಮೊದಲಿಗೆ ಈ ಕಟ್ಟು ಸಡಿಲವಾಯಿತು, 1996ರ ಹೊತ್ತಿಗೆ ಪೂರ್ತಿ ಹೋಯಿತು. ಸಿದ್ಧಾರ್ಥ 1993ರಲ್ಲೇ ಕಾಫಿ ವ್ಯಾಪಾರದ ಕಂಪನಿ ಕಟ್ಟಿದರು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟಾಗ ಲೋಕದಲ್ಲೆಲ್ಲ ರೇಟು ಏರಿತು, ನಮ್ಮ ಕಾಫಿಯವರಿಗೂ ಅದೃಷ್ಟ ಕುದುರಿತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಮುಂದೆ ದೇಶದ ತುಂಬ ಅಂಗಡಿಗಳಾದವು. ಕಾಫಿ ಬೀಜ ಬೆಳೆದವನೇ ಬಟ್ಟಲಿಗೆ ಸುರಿದು ಮಾರುವ ತನಕ ಹೋದದ್ದು ಸಣ್ಣ ಸಾಧನೆಯಲ್ಲ. ನಮ್ಮ ರಾಗಿಗೂ ಹುರುಳಿಗೂ ಅಂಥವರೊಬ್ಬರು ಸಿಗಲಿಲ್ಲವಲ್ಲ ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ.

ಕಾಫಿಯ ಜೊತೆಗೆ ಹೋಟೆಲು, ಕಂಪ್ಯೂಟರ್ ಕಂಪನಿಗಳಿಗೆ ಬಾಡಿಗೆ ಕೊಡುವ ದೊಡ್ಡ ಕಟ್ಟಡಗಳು, ಸರಕು ಸಾಗಣೆ, ಷೇರು ವ್ಯವಹಾರ ಎಲ್ಲ ಸೇರಿದವು. ಇವುಗಳ ಮೇಲಿನ ತಾಯಿ ಕಂಪನಿ ಕಾಫಿ ಡೇ ಎಂಟರ್‌ಪ್ರೈಸಸ್. 2015ರ ಅಕ್ಟೋಬರಿನಲ್ಲಿ ಅದು ಸಾರ್ವಜನಿಕರಿಗೆ ಒಂದಕ್ಕೆ 328 ರೂಪಾಯಿಯಂತೆ ಷೇರು ಮಾರಿ 1,150 ಕೋಟಿ ಎತ್ತಿತು. ಆವತ್ತಿನಿಂದ ಅದು ಊರೊಟ್ಟಿನ ಕಣ ಆಯಿತು. ಮನೆ ಕಣದ ಪದ್ಧತಿ ಅಲ್ಲಿ ನಡೆಯಬಾರದು.

ಕುಸಿದ ಬಗೆ

2019ರ ಜುಲೈ 29ರ ಸಂಜೆ ಮಂಗಳೂರು ಹತ್ತಿರದ ಉಳ್ಳಾಲದ ನೇತ್ರಾವತಿ ಸೇತುವೆ ಮೇಲೆ ಕಾರಿನಿಂದ ಇಳಿದ ಸಿದ್ಧಾರ್ಥ ವಾಪಸು ಬರಲಿಲ್ಲ. 31ರ ಬೆಳಿಗ್ಗೆ ಅವರ ಶರೀರ ಸಿಕ್ಕಿತು. ಅವರು ಬರೆದದ್ದು ಅಂತ ಹೇಳಲಾದ ಪತ್ರವೊಂದು ಹೊರಗೆ ಬಂತು. ಸಾಲ ಕೊಟ್ಟವರ ಒತ್ತಡ, ಬಂಡವಾಳ ಹಾಕಿದವರ ಒತ್ತಡ, ತೆರಿಗೆ ಇಲಾಖೆಯ ಕಾಟ ಅಂತ ಅದರಲ್ಲಿತ್ತು. ಕಾಟ ಕೊಟ್ಟಿಲ್ಲ ಅಂತ ಇಲಾಖೆ ಹೇಳಿತು. ಆ ಪತ್ರದ ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿತು. ತಾನು ಮಾಡಿದ ವ್ಯವಹಾರಗಳು ತನ್ನ ಜೊತೆಯವರಿಗಾಗಲಿ, ಆಡಿಟರಿಗಾಗಲಿ, ಮೇಲಿನ ಅಧಿಕಾರಿಗಳಿಗಾಗಲಿ ಗೊತ್ತಿಲ್ಲ, ಎಲ್ಲ ತಪ್ಪಿಗೂ ತಾನೊಬ್ಬನೇ ಹೊಣೆ ಅನ್ನುವ ಅರ್ಥದ ಮಾತು ಅದು.

ಒಳ್ಳೆ ಮನಸ್ಸಿನ ಮಾತು ಅಂತ ಜನ ಕಣ್ಣೀರು ಹಾಕಿದರು, ನಾನೂ ಹಾಕಿದೆ. ಆದರೆ ಯೋಚಿಸಿ ನೋಡಿ. ಸಾವಿರಾರು ಕೋಟಿ ಓಡಾಡಿದ್ದು ಯಾರಿಗೂ ಗೊತ್ತಿಲ್ಲ ಅನ್ನುವುದಾದರೆ, ಗೊತ್ತು ಮಾಡಿಕೊಳ್ಳೋಕೆ ಅಂತಲೇ ಸಂಬಳ, ಫೀಸು ಪಡೆದು ಕುಳಿತವರು ಏನು ಮಾಡುತ್ತಿದ್ದರು?

ಕಂಪನಿ ಮಂಡಳಿಯವರೇ ತನಿಖೆ ಮಾಡಿಸಿದರು. ಸಿಬಿಐನಲ್ಲಿ ಡಿಐಜಿ ಆಗಿ ನಿವೃತ್ತರಾದ ಅಶೋಕ್ ಕುಮಾರ್ ಮಲ್ಹೋತ್ರಾ ಅವರ ವರದಿ 2020ರ ಜುಲೈನಲ್ಲಿ ಬಂತು. ಅದರ ತಿರುಳು ಇಷ್ಟು. ಕಾಫಿ ಡೇಯ ಏಳು ಮಕ್ಕಳ ಕಂಪನಿಗಳಿಂದ ‘ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್’ ಅನ್ನುವ ಕಂಪನಿಗೆ ಹೋದ ಹಣದಲ್ಲಿ 3,535 ಕೋಟಿ ಬಾಕಿ ಇದೆ. ಇದರಲ್ಲಿ 842 ಕೋಟಿ ಮಾತ್ರ 2019ರ ಮಾರ್ಚ್ 31ರ ಲೆಕ್ಕಪತ್ರದಲ್ಲಿ ಕಂಡಿತ್ತು. ಉಳಿದದ್ದು 2,693 ಕೋಟಿ. ಕಾಫಿ ಅಂಗಡಿ ನಡೆಸುವ ಕಂಪನಿಯೊಂದರಿಂದಲೇ ಹೋದದ್ದು 1,112 ಕೋಟಿ.

ಹಣ ಪಡೆದ ಆ ಎಸ್ಟೇಟ್ ಕಂಪನಿ ಷೇರುದಾರರ ಕಣದೊಳಗಿನದಲ್ಲ. ಸಿದ್ಧಾರ್ಥ ಅವರ ಕುಟುಂಬದ ಕೈಯಲ್ಲಿದ್ದ ಕಂಪನಿ. ಅಂದರೆ ಊರೊಟ್ಟಿನ ಕಣದ ರಾಗಿ ಕಾಯುವವನ ಮನೆ ವಾಡೆಗೆ ಹೋಯಿತು. ಮತ್ತೆ ತಂದು ಹಾಕುವ ಮನಸ್ಸು ಅವರಿಗೆ ಇತ್ತೋ ಇಲ್ಲವೋ, ಅದು ಬೇರೆ ಮಾತು. ರಾಶಿ ಹಾಕಿದವರನ್ನು ಸರಿಯಾಗಿ ಕೇಳಿ ಒಯ್ಯಲಿಲ್ಲ ಅನ್ನುವುದೇ ಇಲ್ಲಿರುವ ತಪ್ಪು.

ಮಾರ್ಚ್ ತಿಂಗಳ ಆಟ

ಇದೆಲ್ಲ ವರ್ಷ ವರ್ಷದ ಲೆಕ್ಕದಲ್ಲಿ ಯಾಕೆ ಸಿಕ್ಕಿಬೀಳಲಿಲ್ಲ ಅಂತ ನಾನು ಹುಡುಗನನ್ನು ಕೇಳಿದೆ. ಅವನು ನನಗೇ ತಿರುಗಿ ಕೇಳಿದ: “ಸೊಸೈಟಿ ಸಾಲ ಮಾರ್ಚ್‌ನಲ್ಲಿ ಹೆಂಗ್ ಕಟ್ತೀಯ ದೊಡ್ಡಪ್ಪ?”

ನಗು ಬಂತು. ಓದುಗರಿಗೂ ಗೊತ್ತಿರುವ ವಿದ್ಯೆಯೇ ಇದು. ಕಟ್ಟಲು ಕೈಯಲ್ಲಿ ಕಾಸಿಲ್ಲ. ಪೇಟೆಯವನ ಹತ್ತಿರ ಎರಡು ದಿನಕ್ಕೆ ಅಂತ ಕೈಸಾಲ ಮಾಡಿ ಸೊಸೈಟಿಗೆ ಕಟ್ಟುತ್ತೇವೆ. ಸೊಸೈಟಿ ಪುಸ್ತಕದಲ್ಲಿ ‘ಸಾಲ ತೀರಿದೆ’ ಅಂತ ಬರುತ್ತೆ. ಆಮೇಲೆ ಹೊಸ ಸಾಲ ಅಂತ ಅಷ್ಟೇ ದುಡ್ಡು ಎತ್ತಿ ಪೇಟೆಯವನಿಗೆ ಬಡ್ಡಿ ಸೇರಿಸಿ ಕೊಡುತ್ತೇವೆ. ಪುಸ್ತಕ ಚೊಕ್ಕ, ಸಾಲ ಹಾಗೇ ಇದೆ, ಮೇಲಿಂದ ಬಡ್ಡಿ ಬೇರೆ.

ಕಂಪನಿಗಳಲ್ಲೂ ಇದೇ ನಡೆಯಿತು. ಆಡಿಟರುಗಳ ಮೇಲೆ ಕಣ್ಣಿಡಲು 2018ರಲ್ಲಿ ಕೇಂದ್ರ ಸರ್ಕಾರ ಎನ್‌ಎಫ್‌ಆರ್‌ಎ ಅನ್ನುವ ಪ್ರಾಧಿಕಾರ ಮಾಡಿದೆ. ಕಾಫಿ ಡೇ ಗುಂಪಿನ ಕಂಪನಿಗಳ ಲೆಕ್ಕ ನೋಡಿದ ಆಡಿಟರುಗಳ ಮೇಲೆ ಅದು 2023 ಮತ್ತು 2024ರಲ್ಲಿ ದಂಡದ ಆದೇಶ ಮಾಡಿತು. ಹಳೇ ಸಾಲ ತೀರಿದ ಹಾಗೆ ಕಾಣಿಸಲು ಅದೇ ಗುಂಪಿನ ಕಂಪನಿಗಳ ನಡುವೆ ಹಣವನ್ನು ಸುತ್ತು ಹಾಕಿಸಲಾಗಿತ್ತು, ಆಡಿಟರುಗಳು ಅದನ್ನು ಹಿಡಿಯಬೇಕಿತ್ತು, ಹಿಡಿಯಲಿಲ್ಲ ಅಂತ ಅದು ಹೇಳಿತು. ಒಂದು ಕಂಪನಿಯ ಚೆಕ್ಕು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ, ಕೊನೆಗೆ ಮೊದಲನೆಯದಕ್ಕೇ. ಎಲ್ಲರ ಪುಸ್ತಕದಲ್ಲೂ ಹಣ ಬಂದ ಗುರುತು ಬೀಳುತ್ತೆ. ಯಾವ ಮನೆಗೂ ಒಂದು ಸೇರು ರಾಗಿ ಹೆಚ್ಚಿಗೆ ಬಂದಿರುವುದಿಲ್ಲ.

ಷೇರುಪೇಟೆಯ ಕಾವಲುಗಾರ ಸೆಬಿ 2023ರ ಜನವರಿಯಲ್ಲಿ ಕಾಫಿ ಡೇ ಎಂಟರ್‌ಪ್ರೈಸಸ್‌ಗೆ 26 ಕೋಟಿ ದಂಡ ಹಾಕಿ, ಎಸ್ಟೇಟ್ ಕಂಪನಿಯಿಂದ ಬಾಕಿ ವಸೂಲಿ ಮಾಡಲು ಕ್ರಮ ತಗೊಳ್ಳಿ ಅಂತ ಆದೇಶ ಮಾಡಿತು. ಇಲ್ಲೂ ಒಂದು ಮಾತು ಗಮನಿಸಿ. ದಂಡ ಬಿದ್ದದ್ದು ಕಂಪನಿಗೆ. ಕಂಪನಿ ಅಂದರೆ ಷೇರು ಕೊಂಡವರದೇ ದುಡ್ಡು. ರಾಗಿ ಕಳಕೊಂಡವನೇ ದಂಡವನ್ನೂ ಕಟ್ಟಿದ ಹಾಗೆ. ತಪ್ಪು ನಡೆದ ಮೇಲೆ ಬರುವ ನ್ಯಾಯ ಹೀಗೇ ಇರುತ್ತೆ. ಅದಕ್ಕೇ ತಪ್ಪು ನಡೆಯುವ ಮೊದಲೇ ಕೇಳಬೇಕು ಅನ್ನುವುದು.

ಇಷ್ಟಾದರೂ ಕಂಪನಿ ಮುಳುಗಿ ಹೋಗಲಿಲ್ಲ ಅನ್ನುವುದನ್ನೂ ಬರೆಯಬೇಕು. 2019ರ ಮಾರ್ಚಿನಲ್ಲಿ ಗುಂಪಿನ ಒಟ್ಟು ಸಾಲ 7,200 ಕೋಟಿ ಆಸುಪಾಸು ಇತ್ತು. ಬೆಂಗಳೂರಿನ ದೊಡ್ಡ ಟೆಕ್ ಪಾರ್ಕ್ ಮತ್ತಿತರ ಆಸ್ತಿ ಮಾರಿ ಸಾಲದ ಬಹುಪಾಲು ಇಳಿಸಿದರು. ಸಿದ್ಧಾರ್ಥ ಅವರ ಪತ್ನಿ ಮಾಳವಿಕಾ ಹೆಗ್ಡೆ 2020ರ ಡಿಸೆಂಬರಿನಲ್ಲಿ ಆಡಳಿತ ವಹಿಸಿಕೊಂಡರು. ಲಾಭ ಇಲ್ಲದ ಅಂಗಡಿಗಳನ್ನು ಮುಚ್ಚಿದರು. ಕಾಫಿ ವ್ಯಾಪಾರ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದು ಹಣ ಓಡಾಡಿದ ದಾರಿ.

ರಾಶಿಯೇ ಇಲ್ಲದ ಕಣ

ಕಣದ ರಾಗಿ ಬೇರೆ ಮನೆಗೆ ಹೋಗುವುದು ಒಂದು ಬಗೆ. ಇಲ್ಲದ ರಾಗಿಯನ್ನು ಇದೆ ಅಂತ ಬರೆಯುವುದು ಇನ್ನೊಂದು ಬಗೆ. ಇದಕ್ಕೆ ನಮ್ಮ ಪಕ್ಕದ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಕಂಪನಿಯೇ ಉದಾಹರಣೆ.

2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದು ತಪ್ಪು ಒಪ್ಪಿಕೊಂಡರು. ಲೆಕ್ಕಪತ್ರದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂದರು. ಲಾಭವನ್ನು ಮೊದಲು ಸ್ವಲ್ಪ ಹಿಗ್ಗಿಸಿ ಬರೆದರಂತೆ. ಮರುವರ್ಷ ಅದನ್ನು ಮುಚ್ಚಲು ಇನ್ನಷ್ಟು ಹಿಗ್ಗಿಸಬೇಕಾಯಿತು. ಹುಲಿ ಸವಾರಿ ಮಾಡಿದ ಹಾಗಾಯಿತು, ಇಳಿದರೆ ತಿಂದುಬಿಡುತ್ತೆ ಅನ್ನುವ ಅರ್ಥದಲ್ಲಿ ಬರೆದಿದ್ದರು. ನಾಗರಹೊಳೆ, ಬಂಡೀಪುರ ಪಕ್ಕದಲ್ಲೇ ಇರುವ ನಮಗೆ ಹುಲಿಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹುಲಿ ಮರಿಯಾಗಿದ್ದಾಗ ಇಳಿಯುವುದು ಸುಲಭ.

ಈ ಪತ್ರಕ್ಕೆ ಮೂರು ವಾರ ಮುಂಚೆ, 2008ರ ಡಿಸೆಂಬರಿನಲ್ಲಿ, ರಾಜು ಅವರ ಮಕ್ಕಳ ಮೇತಾಸ್ ಕಂಪನಿಗಳನ್ನು ಸತ್ಯಂ ಹಣದಿಂದ ಕೊಳ್ಳುವ ತೀರ್ಮಾನ ಮಂಡಳಿಯಲ್ಲಿ ಆಯಿತು. ಆ ಮಂಡಳಿಯಲ್ಲಿ ದೊಡ್ಡ ವಿದ್ವಾಂಸರು, ಹೆಸರುವಾಸಿಗಳು ಇದ್ದರು. ಯಾರೂ ತಡೆಯಲಿಲ್ಲ. ತಡೆದವರು ಷೇರು ಕೊಂಡವರು. ಅವರು ಗಲಾಟೆ ಎಬ್ಬಿಸಿದ ಮೇಲೆ ಒಂದು ದಿನದೊಳಗೆ ತೀರ್ಮಾನ ವಾಪಸಾಯಿತು. ಹಿರಿಯರು ಬಾಯಿ ಮುಚ್ಚಿಕೊಂಡಿದ್ದಾಗ ರಾಶಿಯವರೇ ಕೂಗಿ ಕಣ ಉಳಿಸಿಕೊಂಡರು. ಸಾಮಾನ್ಯ ಸದಸ್ಯ ಏನು ಮಾಡಬಲ್ಲ ಅಂತ ಕೇಳುವವರು ಇದನ್ನು ನೆನಪಿಡಬೇಕು.

ಇನ್ನೊಂದು ಸೋಜಿಗ. ಇದಕ್ಕೆ ನಾಲ್ಕು ತಿಂಗಳ ಹಿಂದೆ, 2008ರ ಸೆಪ್ಟೆಂಬರಿನಲ್ಲಿ, ಒಳ್ಳೆಯ ಕಂಪನಿ ಆಡಳಿತಕ್ಕೆ ಕೊಡುವ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸತ್ಯಂಗೆ ಸಿಕ್ಕಿತ್ತು! ಗೋಡೆ ಮೇಲಿನ ಪ್ರಶಸ್ತಿ ನೋಡಿ ನಂಬಬೇಡಿ, ಪಾಸ್ ಪುಸ್ತಕ ನೋಡಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಬ್ಯಾಂಕಿನಲ್ಲಿ ಇಷ್ಟು ಹಣ ಇದೆಯೇ ಅಂತ ಆಡಿಟರು ಬ್ಯಾಂಕನ್ನೇ ನೇರ ಕೇಳಿ ಖಾತ್ರಿ ಮಾಡಿಕೊಂಡಿದ್ದರೆ ಈ ಸುಳ್ಳು ಬಹಳ ಮೊದಲೇ ಬಯಲಾಗುತ್ತಿತ್ತು. ಕಂಪನಿಯವರು ಕೊಟ್ಟ ಕಾಗದವನ್ನೇ ನಂಬಿದರು. ಸತ್ಯಂ ಕಂಪನಿಯನ್ನು ಸರ್ಕಾರ ಹೊಸ ಮಂಡಳಿ ನೇಮಿಸಿ ಉಳಿಸಿತು, 2009ರಲ್ಲೇ ಟೆಕ್ ಮಹೀಂದ್ರ ಅದನ್ನು ಕೊಂಡಿತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ನ್ಯಾಯಾಲಯ ರಾಜು ಮತ್ತಿತರರಿಗೆ ಏಳು ವರ್ಷ ಜೈಲು ವಿಧಿಸಿತು. ಆಮೇಲೆ ಮೇಲ್ಮನವಿ ಹಾಕಿ ಜಾಮೀನು ಪಡೆದರು.

2013ರಲ್ಲಿ ಹೊಸ ಕಂಪನಿ ಕಾನೂನು ಬಂತು. ಷೇರುಪೇಟೆಯ ಕಂಪನಿಗಳು ಒಂದೇ ಆಡಿಟ್ ಸಂಸ್ಥೆಯನ್ನು ಹತ್ತು ವರ್ಷಕ್ಕಿಂತ ಹೆಚ್ಚು ಸತತವಾಗಿ ಇಟ್ಟುಕೊಳ್ಳಬಾರದು, ಸಂಬಂಧಿಕರ ಕಂಪನಿ ಜೊತೆಗಿನ ವ್ಯವಹಾರಕ್ಕೆ ಒಪ್ಪಿಗೆ ಬೇಕು ಅಂತೆಲ್ಲ ಆಯಿತು. ಕಾಫಿ ಡೇ ಪ್ರಕರಣ ನಡೆದದ್ದು ಈ ಕಾನೂನು ಬಂದ ಮೇಲೆ! ಬೇಲಿ ಎಷ್ಟು ಗಟ್ಟಿ ಹಾಕಿದರೂ, ತಟ್ಟಿ ತೆರೆದಿಟ್ಟರೆ ದನ ನುಗ್ಗುವುದೇ.

ನಮ್ಮ ಸಂಘ, ನಮ್ಮ ಕಂಪನಿ

ಈಗ ನಮ್ಮ ಬಾಗಿಲಿಗೆ ಬರೋಣ. ರೈತ ಉತ್ಪಾದಕ ಕಂಪನಿಗೆ ಕಾನೂನಿನಲ್ಲೇ ಒಳ್ಳೆ ಬೇಲಿ ಹಾಕಿದ್ದಾರೆ. ಆದರೆ ಡೈರೆಕ್ಟರ್ ಆದ ಎಷ್ಟು ಜನ ರೈತರಿಗೆ ಇದು ಗೊತ್ತು?

ನಿರ್ದೇಶಕರು ಐದಕ್ಕೆ ಕಮ್ಮಿ ಇರಬಾರದು, ಹದಿನೈದಕ್ಕೆ ಮೀರಬಾರದು. ಮಂಡಳಿ ಸಭೆ ಮೂರು ತಿಂಗಳಿಗೆ ಒಂದಾದರೂ, ವರ್ಷಕ್ಕೆ ನಾಲ್ಕಾದರೂ ನಡೆಯಬೇಕು. ರೈತ ಸದಸ್ಯರಾಗಿರುವ ಕಡೆ ನೂರು ಷೇರು ಇದ್ದವನಿಗೂ ಒಂದೇ ವೋಟು, ಒಂದು ಷೇರಿನವನಿಗೂ ಒಂದೇ ವೋಟು. ಸರ್ವ ಸದಸ್ಯರ ವಾರ್ಷಿಕ ಸಭೆಗೆ 14 ದಿನ ಮುಂಚೆ ನೋಟೀಸು ಕೊಡಬೇಕು, ಅದರ ಜೊತೆ ಆಡಿಟ್ ಆದ ಲೆಕ್ಕವನ್ನೂ ಕಳಿಸಬೇಕು. ವರ್ಷದ ಆಡಿಟ್ ಅಲ್ಲದೆ ಚಾರ್ಟರ್ಡ್ ಅಕೌಂಟೆಂಟ್ ಕೈಲಿ ಒಳ ತಪಾಸಣೆಯೂ ಆಗಬೇಕು. ನಿರ್ದೇಶಕನಿಗೋ ಅವನ ಸಂಬಂಧಿಕರಿಗೋ ಸಾಲ ಕೊಡಬೇಕಾದರೆ ಸರ್ವ ಸದಸ್ಯರ ಸಭೆಯಲ್ಲಿ ಒಪ್ಪಿಗೆ ಪಡೆಯಲೇಬೇಕು. ಈ ಕೊನೆಯದನ್ನು ಇನ್ನೊಮ್ಮೆ ಓದಿ. ದೊಡ್ಡ ಕಂಪನಿಗಳು ಬಿದ್ದದ್ದು ಈ ಹಳ್ಳದಲ್ಲೇ.

ಸಹಕಾರ ಸಂಘವಾದರೂ ಅಷ್ಟೆ. ವರ್ಷ ಮುಗಿದ ಆರು ತಿಂಗಳೊಳಗೆ ಸರ್ವ ಸದಸ್ಯರ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ನಮ್ಮಲ್ಲಿ ಆ ಸಭೆ ಹೇಗಿರುತ್ತೆ? ಶಾಮಿಯಾನ, ಉಪ್ಪಿಟ್ಟು ಕೇಸರಿಬಾತು, ಹಾರ ತುರಾಯಿ, ‘ಲೆಕ್ಕಪತ್ರ ಮಂಡಿಸಲಾಯಿತು, ಸಭೆ ಒಪ್ಪಿತು’. ಆ ಕಾಗದ ಕೈಗೆ ಬಂದವರಲ್ಲಿ ಅರ್ಧ ಜನ ಅದರ ಮೇಲೇ ಕೇಸರಿಬಾತು ಇಟ್ಟುಕೊಂಡು ತಿಂದಿರುತ್ತೇವೆ.

ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ. ಹಣ ಖರ್ಚಿಲ್ಲದ ಕೆಲಸಗಳು.

1. ಮೊತ್ತ, ಹೆಸರು, ತಾರೀಖು ತುಂಬದ ಚೆಕ್ಕಿಗೆ ದೇವರೇ ಬಂದು ಕೇಳಿದರೂ ಸಹಿ ಹಾಕಬೇಡಿ. ಈಗ ಮೊಬೈಲಿನಲ್ಲಿ ಹಣ ಹೋಗುವ ಕಾಲ. ಒಟಿಪಿ ನಂಬರು ಹೇಳುವುದೂ ಖಾಲಿ ಚೆಕ್ಕಿಗೆ ಸಹಿ ಹಾಕುವುದೂ ಒಂದೇ.

2. ಹಣ ಕೊಡುವವನು, ಲೆಕ್ಕ ಬರೆಯುವವನು, ಲೆಕ್ಕ ನೋಡುವವನು ಮೂರು ಬೇರೆ ಜನ ಆಗಿರಲಿ. ಕೀಲಿಯೂ ಪುಸ್ತಕವೂ ಒಂದೇ ಕೈಯಲ್ಲಿ ಬೇಡ.

3. ಪ್ರತಿ ಸಭೆಗೂ ಬ್ಯಾಂಕಿನಲ್ಲಿ ಅವತ್ತೇ ಎಂಟ್ರಿ ಮಾಡಿಸಿದ ಪಾಸ್ ಪುಸ್ತಕ ಬರಬೇಕು. ನಗದು ಪುಸ್ತಕದ ಜೊತೆ ತಾಳೆ ನೋಡಬೇಕು. ಕಾರ್ಯದರ್ಶಿ ಬಾಯಲ್ಲಿ ಹೇಳಿದ ಬಾಕಿ ಲೆಕ್ಕಕ್ಕಿಲ್ಲ.

4. ಮಾರ್ಚ್ 31ರ ಲೆಕ್ಕ ಮಾತ್ರ ನೋಡಬೇಡಿ. ಮಧ್ಯದ ಯಾವುದೋ ಒಂದು ದಿನ, ಹೇಳದೆ ಕೇಳದೆ, ಲೆಕ್ಕ ತೆಗೆಸಿ. ಗೋದಾಮಿನ ಮೂಟೆ ಎಣಿಸಿ.

5. ಸಂಘದ ವ್ಯಾಪಾರ ಪದಾಧಿಕಾರಿಯ ಭಾವನ ಅಂಗಡಿ ಜೊತೆ ನಡೆಯುವುದಾದರೆ, ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ. ಆ ಪದಾಧಿಕಾರಿ ಆ ವಿಷಯಕ್ಕೆ ವೋಟು ಹಾಕಬಾರದು.

6. ಆಡಿಟರನ್ನು ಕಾರ್ಯದರ್ಶಿ ಮನೆಯಲ್ಲಿ ಊಟಕ್ಕೆ ಕೂರಿಸಿ ಕಳಿಸಬೇಡಿ. ಒಂದರ್ಧ ಗಂಟೆ ಮಂಡಳಿಯವರ ಮುಂದೆ ಕೂರಿಸಿ, ಏನು ನೋಡಿದಿರಿ, ಏನು ನೋಡಲಿಲ್ಲ ಅಂತ ಕನ್ನಡದಲ್ಲಿ ಹೇಳಿಸಿ.

7. ಅರ್ಥವಾಗದ್ದಕ್ಕೆ ಕೈ ಎತ್ತಬೇಡಿ. ‘ನನಗೆ ಅರ್ಥವಾಗಲಿಲ್ಲ’ ಅನ್ನುವುದು ನಾಚಿಕೆಯ ಮಾತಲ್ಲ. ಏಳನೇ ಕ್ಲಾಸಿನವನಿಗೆ ಅರ್ಥವಾಗುವ ಹಾಗೆ ಹೇಳಲಾಗದ ಲೆಕ್ಕದಲ್ಲಿ ಏನೋ ಕಸ ಇರುತ್ತೆ.

ಕೇಳಿದರೆ ಬೇಜಾರು ಮಾಡ್ಕೋತಾರೆ?

ಇದನ್ನೆಲ್ಲ ಹೇಳಿದರೆ ಬರುವ ಉತ್ತರ ಒಂದೇ: “ಊರಲ್ಲಿ ಮುಖ ಮುಖ ನೋಡ್ಕೊಂಡು ಬಾಳೋರು. ಲೆಕ್ಕ ಕೇಳಿದ್ರೆ ಅವರ ಮೇಲೆ ನಂಬಿಕೆ ಇಲ್ಲ ಅಂದ್ಹಂಗಾಗ್ತದೆ. ನಾಳೆ ಸಂಘಕ್ಕೆ ದುಡಿಯೋರು ಯಾರು ಬತ್ತಾರೆ?”

ನಾನೂ ಹಾಗೇ ತಿಳಿದಿದ್ದೆ. ಈಗ ಬೇರೆ ಥರ ಕಾಣುತ್ತೆ. ಲೆಕ್ಕ ಕೇಳುವುದು ಸಂಘದ ದುಡ್ಡಿಗೆ ಕಾವಲು ಅನ್ನುವುದು ಅರ್ಧ ಮಾತು. ಅದು ದುಡ್ಡು ಹಿಡಿದವನಿಗೂ ಕಾವಲು. ಒಬ್ಬನೇ ತೀರ್ಮಾನ ಮಾಡುವ ಕಡೆ ತಪ್ಪಿನ ಹೊರೆಯನ್ನೂ ಅವನೊಬ್ಬನೇ ಹೊರಬೇಕಾಗುತ್ತೆ. ಯಾರಿಗೂ ಹೇಳಲಾರ, ಇಳಿಸಲಾರ. ಸಾಲದ ಹೊರೆ ಹೊತ್ತು ಒಬ್ಬರೇ ನಡೆದು ದಾರಿ ಕಾಣದೆ ಪ್ರಾಣ ಬಿಟ್ಟವರ ಮನೆಗಳನ್ನು ನಾವು ರೈತರು ಎಷ್ಟೋ ನೋಡಿದ್ದೇವೆ. ಕೋಟಿಗಳ ಯಜಮಾನನಿಗೂ, ಎರಡೆಕರೆ ಗುತ್ತಿಗೆದಾರನಿಗೂ ಆ ಕತ್ತಲು ಒಂದೇ ಥರ. ನೇತ್ರಾವತಿ ಸೇತುವೆಯ ಸುದ್ದಿ ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು ಇದು: ಮೊದಮೊದಲಲ್ಲೇ, ಮೊತ್ತ ಸಣ್ಣದಿದ್ದಾಗಲೇ, ಮಂಡಳಿಯಲ್ಲಿ ಒಬ್ಬರು ಎದ್ದು ನಿಂತು ‘ಈ ಹಣ ಎಲ್ಲಿಗೆ ಹೋಯ್ತು ಸ್ವಾಮಿ’ ಅಂತ ಕೇಳಿದ್ದರೆ? ಅವತ್ತು ಅವರಿಗೆ ಬೇಜಾರಾಗುತ್ತಿತ್ತೇನೋ. ಆದರೆ ಹೊರೆ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ನಮ್ಮ ಕಾರ್ಯದರ್ಶಿ ಮೊದಲ ಸಲ ತೆಗೆದದ್ದು 18 ಸಾವಿರ. ಆಮೇಲೆ ಬ್ಯಾಂಕಿನ ಪಟ್ಟಿ ತರಿಸಿ ನೋಡಿದಾಗ ಗೊತ್ತಾಯಿತು. ಆ ತಿಂಗಳ ಸಭೆಯಲ್ಲಿ ನಾನು ಪಾಸ್ ಪುಸ್ತಕ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದ, ಬೈಸಿಕೊಳ್ಳುತ್ತಿದ್ದ, ಒಂದು ಹಸು ಮಾರಿ ತುಂಬುತ್ತಿದ್ದ. ಊರಲ್ಲೇ ಇರುತ್ತಿದ್ದ. ಸುಮ್ಮನಿದ್ದು ಅವನನ್ನು 3 ಲಕ್ಷ 40 ಸಾವಿರದ ತನಕ ನಡೆಸಿಕೊಂಡು ಹೋದವರಲ್ಲಿ ನಾನೂ ಒಬ್ಬ. ಹತ್ತು ಹಾಳೆಯಲ್ಲೂ ನನ್ನ ಸಹಿ ಇದೆ. ನನ್ನ ಪಾಲು ಅಂತ 60 ಸಾವಿರ ಕಟ್ಟಿದೆ, ಮೂರು ವರ್ಷದ ಹತ್ತಿ ಅದಕ್ಕೇ ಹೋಯಿತು. ಉಳಿದದ್ದನ್ನು ಅವನ ಅಣ್ಣಂದಿರು ಕಂತಿನ ಮೇಲೆ ತೀರಿಸಿದರು. ಅವನು ಕೇರಳದ ಕಡೆ ಶುಂಠಿ ಕೆಲಸದಲ್ಲಿದ್ದಾನೆ ಅಂತ ಸುದ್ದಿ. ಅವನ ತಾಯಿ ಎದುರು ಸಿಕ್ಕಿದರೆ ನಾನು ಇವತ್ತಿಗೂ ತಲೆ ತಗ್ಗಿಸಿ ಹೋಗುತ್ತೇನೆ.

ಸಂಘ ಈಗ ಮತ್ತೆ ನಡೆಯುತ್ತಿದೆ. ಅಧ್ಯಕ್ಷ ಬೇರೆಯವರು. ತಿಂಗಳ ಎರಡನೇ ಸೋಮವಾರ ರಾತ್ರಿ ಊಟ ಆದ ಮೇಲೆ ಶಾಲೆ ಜಗಲಿ ಮೇಲೆ ಸೇರುತ್ತೇವೆ. ಮೊದಲ ಕೆಲಸ, ಪಾಸ್ ಪುಸ್ತಕ ಕೈಯಿಂದ ಕೈಗೆ ಒಂದು ಸುತ್ತು ಬರುವುದು. ಓದು ಬಾರದವರ ಕೈಗೂ ಕೊಡುತ್ತೇವೆ. ಅವರು ಪಕ್ಕದವರನ್ನು ‘ಎಷ್ಟಿದೆ’ ಅಂತ ಜೋರಾಗಿ ಕೇಳುತ್ತಾರೆ, ಪಕ್ಕದವರು ಜೋರಾಗಿ ಹೇಳುತ್ತಾರೆ. ಹೊಸ ಕಾರ್ಯದರ್ಶಿ ಮೊದಲ ತಿಂಗಳು ಮುಖ ಗಂಟಿಕ್ಕಿಕೊಂಡಿದ್ದ. ಈಗ ಅವನೇ ಎಲ್ಲರಿಗಿಂತ ಮುಂಚೆ ಬಂದು ಪುಸ್ತಕ ತೆರೆದಿಟ್ಟುಕೊಂಡು ಕೂತಿರುತ್ತಾನೆ. “ಇದಾದ್ಮೇಲೆ ಮನೇಗ್ ಹೋಗಿ ನಿದ್ದೆ ಬತ್ತದೆ ಅಣ್ಣ” ಅಂತಾನೆ.

ನಿಮ್ಮ ಸಂಘದ ಮುಂದಿನ ಸಭೆ ಯಾವತ್ತು? ಅವತ್ತು ಪಾಸ್ ಪುಸ್ತಕ ಕೇಳಿ ನೋಡಿ.